ಎದೆ ಹಿಡಿದರೆ ‘ಗ್ಯಾಸ್’, ಮರೆತರೆ ‘ಟೆನ್ಶನ್’: ಹೆಣ್ಮಕ್ಕಳ ಹೃದಯ ಮತ್ತು ನೆನಪಿನ ಬಗ್ಗೆ ನಾಲ್ಕು ತಾಲೂಕಿನವರು ತಿಳಿದಿರಬೇಕಾದ ಮಾಹಿತಿ

ಜಮಖಂಡಿ: ‘ಎದಿ ಒಂದ್ ನಮೂನಿ ಹಿಡದಂಗ ಆಗೇತಿ’ ಎಂದು ಮನೆಯ ಹೆಣ್ಮಗಳು ಹೇಳಿದರೆ ಸಿಗುವ ಮೊದಲ ಉತ್ತರ ‘ಗ್ಯಾಸ್ ಆಗಿರಬೇಕು, ಸೋಡಾ ಕುಡಿ’. ಒಲೆ ಮೇಲೆ ಹಾಲಿಟ್ಟು ಮರೆತರೆ ‘ಟೆನ್ಶನ್ ಭಾಳ ಮಾಡ್ಕೋತಿ’. ವಯಸ್ಸು ಅರವತ್ತು ದಾಟಿದ್ದರೆ ‘ಅರವತ್ತಕ್ಕ ಅರಳು ಮರಳು, ಬಿಡ್ರಿ’. ಅಲ್ಲಿಗೆ ಮಾತು ಮುಗಿಯಿತು. ಅದೇ ಎದೆನೋವು ಮನೆಯ ಗಂಡಸಿಗೆ ಬಂದರೆ ಅರ್ಧ ತಾಸಿನಲ್ಲಿ ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತದೆ.

2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ರಾಜ್ಯದ ತುಂಬ ಜನ ಇಸಿಜಿ ಮಾಡಿಸಲು ಸಾಲು ನಿಂತರು. ಆಗ ಹೆಚ್ಚು ಚರ್ಚೆಯಾದದ್ದು ಹರೆಯದ ಗಂಡಸರ ಬಗ್ಗೆ. ಹೆಂಗಸರ ಮಾತು ಬಂದದ್ದು ಕಡಿಮೆ. ಆದರೆ ಸಾಲ, ದುಡಿಮೆ, ಮನೆಯ ಚಿಂತೆ ಹೆಂಗಸರ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ. ಅವು ರಕ್ತನಾಳಕ್ಕೆ ಇಳಿಯುತ್ತವೆ, ಅಲ್ಲಿಂದ ಹೃದಯಕ್ಕೂ ಮಿದುಳಿಗೂ ತಟ್ಟುತ್ತವೆ. ಇದು ಹೇಗೆ ಆಗುತ್ತದೆ, ನಮ್ಮ ಭಾಗದಲ್ಲಿ ಯಾವ ಒತ್ತಡಗಳು ಹೆಚ್ಚು, ಯಾವ ಲಕ್ಷಣ ಕಂಡರೆ ಎಲ್ಲಿಗೆ ಹೋಗಬೇಕು ಎಂಬ ಮಾಹಿತಿ ಇಲ್ಲಿದೆ.

ಚಿಂತೆ ಮೈಯಲ್ಲಿ ಏನು ಮಾಡುತ್ತದೆ?

ಹೆದರಿಕೆ, ಸಿಟ್ಟು, ಚಿಂತೆ ಆದಾಗ ಮೈ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳನ್ನು ಬಿಡುತ್ತದೆ. ಎದೆಬಡಿತ ಜೋರಾಗುತ್ತದೆ, ಬಿಪಿ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ನಾಯಿ ಬೆನ್ನಟ್ಟಿದಾಗ ಓಡಲು ಇದು ಬೇಕು. ಐದು ನಿಮಿಷದಲ್ಲಿ ಇಳಿದರೆ ತೊಂದರೆ ಇಲ್ಲ. ಆದರೆ ಪ್ರತಿ ವಾರ ಕಂತಿನ ದಿನ, ಪ್ರತಿ ತಿಂಗಳು ಸಾಲಿ ಫೀ, ಪ್ರತಿ ರಾತ್ರಿ ಕುಡಿದು ಬರುವ ಗಂಡ ಎಂದು ವರ್ಷಗಟ್ಟಲೆ ನಡೆದರೆ ಏರಿದ ಬಿಪಿ ಇಳಿಯುವುದನ್ನೇ ಮರೆಯುತ್ತದೆ. ರಕ್ತನಾಳದ ಒಳಪದರ ಕೆಡುತ್ತದೆ, ನಾಳ ಬಿರುಸಾಗುತ್ತದೆ, ಕೊಬ್ಬು ಕಟ್ಟುತ್ತದೆ.

ಇದೇ ರಕ್ತನಾಳಗಳು ಮಿದುಳಿಗೂ ಹೋಗುತ್ತವೆ. ಮಿದುಳು ಮೈತೂಕದ ನೂರಕ್ಕೆ 2 ಭಾಗ ಮಾತ್ರ, ಆದರೆ ಮೈಗೆ ಬೇಕಾದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಭಾಗ ಅದಕ್ಕೇ ಬೇಕು. ಸಣ್ಣ ನಾಳಗಳು ಒಂದೊಂದಾಗಿ ಕಟ್ಟಿದರೆ ನೆನಪು, ಲೆಕ್ಕ, ನಿರ್ಧಾರ ಮಾಡುವ ಶಕ್ತಿ ಮೆಲ್ಲಗೆ ಕುಂದುತ್ತದೆ. ದೊಡ್ಡ ನಾಳ ಕಟ್ಟಿದರೆ ಲಕ್ವಾ ಹೊಡೆಯುತ್ತದೆ. ಎದೆಗೆ ಕೆಟ್ಟದ್ದು ತಲೆಗೂ ಕೆಟ್ಟದ್ದು ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಇದು ಬರೀ ಅಂದಾಜಿನ ಮಾತಲ್ಲ. 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ ಭಾರತವೂ ಸೇರಿ 52 ದೇಶಗಳಲ್ಲಿ ನಡೆಯಿತು. ಮೊದಲ ಸಲ ಹೃದಯಾಘಾತವಾದವರನ್ನು ಆರೋಗ್ಯವಂತರ ಜೊತೆ ಹೋಲಿಸಿದಾಗ, ಆಘಾತವಾದವರಲ್ಲಿ ಕೆಲಸದ ಒತ್ತಡ, ಮನೆಯ ಒತ್ತಡ, ಹಣದ ಅಡಚಣೆ ಹೆಚ್ಚಾಗಿ ಕಂಡವು.

ಒಮ್ಮೆಗೇ ಬಂದೆರಗುವ ದುಃಖದ ಬೇರೊಂದು ಪರಿಣಾಮವೂ ಇದೆ. ಮಗ ತೀರಿಕೊಂಡ ಸುದ್ದಿ ಕೇಳಿ ತಾಯಿ ಎದೆ ಹಿಡಿದು ಕುಸಿದಳು ಎಂಬ ಮಾತನ್ನು ಊರೂರಲ್ಲಿ ಕೇಳುತ್ತೇವೆ. ವೈದ್ಯಕೀಯದಲ್ಲಿ ಇದಕ್ಕೆ ‘ಟಕೋಟ್ಸುಬೊ’ ಎಂಬ ಹೆಸರಿದೆ. ಮೊದಲು ಗುರುತಿಸಿದವರು ಜಪಾನಿನ ವೈದ್ಯರು. ಇಲ್ಲಿ ನಾಳ ಕಟ್ಟಿರುವುದಿಲ್ಲ, ಆದರೆ ಹೃದಯದ ಸ್ನಾಯು ಏಕಾಏಕಿ ಸೋಲುತ್ತದೆ. ಮುಟ್ಟು ನಿಂತ ಹೆಂಗಸರಲ್ಲೇ ಇದು ಹೆಚ್ಚು. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ.

ನಮ್ಮ ಭಾಗದ ಒತ್ತಡಗಳು ಯಾವುವು?

*ವಾರದ ಕಂತು.* ನಾಲ್ಕೂ ತಾಲೂಕಿನಲ್ಲಿ ಸಂಘದ ಸಾಲ, ಫೈನಾನ್ಸ್ ಸಾಲ ಬರುವುದು ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿ. ಹಣ ಖರ್ಚಾಗುವುದು ಬೋರಿಗೋ, ಮದುವೆಗೋ, ಗಂಡನ ಗಾಡಿಗೋ. ಕಟ್ಟುವ ಹೊಣೆ ಮಾತ್ರ ಅವಳದು. ಒಬ್ಬಾಕಿ ಕಟ್ಟದಿದ್ದರೆ ಗುಂಪಿನ ಉಳಿದವರು ಕೇಳುತ್ತಾರೆ, ಹೀಗಾಗಿ ಸಾಲದ ಜೊತೆ ಮರ್ಯಾದೆಯ ಭಯವೂ ಸೇರುತ್ತದೆ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಸಾಲ, ಅದೂ ಸಾಲದಿದ್ದರೆ ಕೈಗಡ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನವೇ ಕಂತಿಗೆ ಹೋಗುವ ಮನೆಗಳಿವೆ. ಅಂಥ ಮನೆಯಲ್ಲಿ ಮೊದಲು ನಿಲ್ಲುವುದು ಅವಳ ಬಿಪಿ ಗುಳಿಗಿ.

*ಕಬ್ಬು ಮತ್ತು ಹೊಳಿ.* ಮುಧೋಳ, ಜಮಖಂಡಿ ಕಬ್ಬಿನ ಸೀಮೆ. ಕಬ್ಬು ಕಡಿದು ಕಳಿಸಿದ ಮೇಲೆ ಬಿಲ್ಲು ಕೈಗೆ ಬರುವವರೆಗೆ ಅಂಗಡಿಯ ಉದ್ರಿಯಲ್ಲಿ ಮನೆ ನಡೆಸುವವಳು ಹೆಣ್ಮಗಳೇ. 2025ರ ನವೆಂಬರ್‌ನಲ್ಲಿ ದರಕ್ಕಾಗಿ ನಡೆದ ಹೋರಾಟದಲ್ಲಿ ರಸ್ತೆಯಲ್ಲಿದ್ದವರು ಗಂಡಸರು, ಮನೆಯಲ್ಲಿ ಲೆಕ್ಕ ಹಾಕುತ್ತ ಕುಂತವರು ಹೆಂಗಸರು. ಇದರ ಜೊತೆ ಹೊಳಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ದಂಡೆಯ ಊರುಗಳ ಜನ ದನಕರು ಕಟ್ಟಿಕೊಂಡು ಕಾಳಜಿ ಕೇಂದ್ರ ಸೇರಿದ್ದು ಇನ್ನೂ ನೆನಪಿದೆ. ಅಂಥ ಹೊತ್ತಿನಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಹುಡುಕುವವರು ಇದ್ದಾರೆ, ಅತ್ತೆಯ ಶುಗರ್ ಗುಳಿಗಿ ಚೀಟಿ ಯಾರಿಗೂ ನೆನಪಾಗುವುದಿಲ್ಲ.

*ಮಗ್ಗದ ಸದ್ದು.* ರಬಕವಿ, ಬನಹಟ್ಟಿ, ರಾಮಪುರ, ಮಹಾಲಿಂಗಪುರ, ತೇರದಾಳದ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಗೋಡೆಗೆ ಹೊಂದಿಕೊಂಡೇ ಪಾವರ್‌ಲೂಮ್ ಇರುತ್ತದೆ. ಕಂಡಿಕೆ ಸುತ್ತುವ ಹೆಂಗಸು ಆ ಸದ್ದಿನಲ್ಲೇ ಅಡುಗೆ ಮಾಡಿ, ಮಗು ಮಲಗಿಸಿ, ದಿನ ಕಳೆಯುತ್ತಾಳೆ. ಜೋರು ಸದ್ದಿನಲ್ಲಿ ವರ್ಷಾನುಗಟ್ಟಲೆ ಇದ್ದರೆ ಕಿವಿ ಮಂದವಾಗುತ್ತದೆ, ಬಿಪಿಯೂ ಏರುತ್ತದೆ. ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಕಿವಿ ಮಂದವಾಗುವುದೇ ಮುಂದೆ ಮರೆವಿನ ಕಾಯಿಲೆಗೆ ಒಂದು ದೊಡ್ಡ ಕಾರಣ. ಕೇಳದಿದ್ದರೆ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದರೆ ಮಿದುಳಿಗೆ ಕೆಲಸ ಕಡಿಮೆಯಾಗುತ್ತದೆ. ಸೀರೆ ವ್ಯಾಪಾರ ಬಿದ್ದು ಮಗ್ಗ ನಿಂತರೆ ಸದ್ದು ಹೋಗಿ ಸಾಲದ ಚಿಂತೆ ಬರುತ್ತದೆ. ಎರಡೂ ಕಡೆಯಿಂದ ಪೆಟ್ಟು.

*ಮುಳುಗಡೆ.* ಬೀಳಗಿ ತಾಲೂಕಿನವರಿಗೆ ಆಲಮಟ್ಟಿ ಹಿನ್ನೀರಿನ ಕತೆ ಹೊಸದಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮೂರನೇ ಹಂತದ ಮಾತು ವರ್ಷಗಳಿಂದ ನಡೆದಿದೆ. ‘ಮನಿ ಕಟ್ಟೋಣೋ ಬ್ಯಾಡೋ’ ಎಂಬ ಅನಿಶ್ಚಿತತೆಯಲ್ಲಿ ಜನ ದಿನ ದೂಡಿದ್ದಾರೆ. ಪುನರ್ವಸತಿ ಕೇಂದ್ರಕ್ಕೆ ಹೋದ ಗಂಡಸು ಬಸ್ಸು ಹತ್ತಿ ಹಳೆಯ ಗೆಳೆಯರನ್ನು ಕಾಣುತ್ತಾನೆ. ಹೆಂಗಸಿಗೆ ಕಟ್ಟೆ, ಬಾವಿ, ಓಣಿಯ ಗೆಳತಿಯರು ಒಮ್ಮೆಗೇ ತಪ್ಪುತ್ತಾರೆ. ಒಂಟಿತನವೂ ನೆನಪಿನ ಶಕ್ತಿಯನ್ನು ತಿನ್ನುತ್ತದೆ.

*ಎರಡು ಪಾಳಿ.* ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೂಲಿ ಇಲ್ಲದ ಮನೆಗೆಲಸ ಮಾಡುತ್ತಾರೆ. ಗಂಡಸರದು 88 ನಿಮಿಷ. ಹೊಲದಲ್ಲಿ, ಅಂಗಡಿ ಗಲ್ಲಾದ ಮೇಲೆ, ಮಗ್ಗದ ಮನೆಯಲ್ಲಿ ದುಡಿದ ಮೇಲೂ ಇದು ಇದ್ದೇ ಇರುತ್ತದೆ. ಕೊನೆಗೆ ಕಡಿತವಾಗುವುದು ನಿದ್ದೆ. ನಿದ್ದೆಗೆಟ್ಟರೆ ಬಿಪಿ ಏರುತ್ತದೆ, ನೆನಪೂ ನಿಲ್ಲುವುದಿಲ್ಲ.

ಮರೆವು ವಯಸ್ಸಿಗೇ ಬರಬೇಕೆಂದಿಲ್ಲ

ದೇಶದ ಹಿರಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇದೆ. ಗಂಡಸರಲ್ಲಿ ಇದು 5.8 ಇದ್ದರೆ ಹೆಂಗಸರಲ್ಲಿ 9. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಹೆಂಗಸರಲ್ಲಿ ಯಾಕೆ ಹೆಚ್ಚು? ಒಂದು ಕಾರಣ ಸಾಲಿ. ಚಿಕ್ಕಂದಿನಲ್ಲಿ ಓದು ಕಡಿಮೆ ಸಿಕ್ಕವರಿಗೆ ಮುಂದೆ ಈ ಕಾಯಿಲೆಯ ಅಪಾಯ ಹೆಚ್ಚು ಎಂಬುದು ಜಗತ್ತಿನ ಹಲವು ಕಡೆ ಸಾಬೀತಾಗಿದೆ. ಏಳನೇ ಇಯತ್ತೆಗೆ ಸಾಲಿ ಬಿಡಿಸಿ ಮದುವೆ ಮಾಡಿದ ಹುಡುಗಿಗೆ ಆದ ನಷ್ಟ ಅರವತ್ತನೇ ವಯಸ್ಸಿನಲ್ಲೂ ಕಾಡುತ್ತದೆ ಎಂದಾಯಿತು.

‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಡಿಮೆ ಓದು, ಕಿವಿ ಮಂದ, ಕಣ್ಣು ಮಂದ, ಬಿಪಿ, ಶುಗರ್, ಕೊಲೆಸ್ಟ್ರಾಲ್, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ವಾಯುಮಾಲಿನ್ಯ ಎಲ್ಲ ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಸುಮಾರು 45 ಶೇಕಡಾ ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಆಯೋಗ ಹೇಳಿದೆ. ಕಟ್ಟಿಗಿ ಒಲೆಯ ಹೊಗೆ, ರವದಿ ಸುಡುವ ಹೊಗೆ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ. ರಕ್ತಹೀನತೆ, ಥೈರಾಯ್ಡ್, ಬಿ-12 ಕೊರತೆ, ನಿದ್ದೆಗೇಡು, ಖಿನ್ನತೆಯಿಂದಲೂ ನೆನಪು ಹಾರುತ್ತದೆ. ಇವು ಚಿಕಿತ್ಸೆಯಿಂದ ಸುಧಾರಿಸುವಂಥವು. ಕೀಲಿಕೈ ಎಲ್ಲಿಟ್ಟೆ ಎಂದು ಮರೆತು ಆಮೇಲೆ ನೆನಪಾದರೆ ಹೆದರಬೇಕಿಲ್ಲ. ಆದರೆ ದಿನಾ ಹೋಗುವ ದಾರಿ ತಪ್ಪುವುದು, ಹೇಳಿದ್ದನ್ನೇ ಹತ್ತು ಸಲ ಕೇಳುವುದು, ಚಿಲ್ಲರೆ ಲೆಕ್ಕ ತಪ್ಪುವುದು, ವರ್ಷಗಳಿಂದ ಮಾಡುವ ಅಡುಗೆಯ ಕ್ರಮ ಮರೆಯುವುದು ಕಂಡರೆ ತಡ ಮಾಡದೆ ತೋರಿಸಬೇಕು.

ಹೆಂಗಸರಲ್ಲಿ ಹೃದಯಾಘಾತ ಹೇಗೆ ಕಾಣುತ್ತದೆ?

ಹೆಂಗಸರಿಗೂ ಎದೆನೋವು, ಎದೆ ಬಿಗಿತವೇ ಮುಖ್ಯ ಲಕ್ಷಣ. ಆದರೆ ಅವರಲ್ಲಿ ಬೇರೆ ಲಕ್ಷಣಗಳು ಜೊತೆಗಿರುವುದು, ಕೆಲವೊಮ್ಮೆ ಅವಷ್ಟೇ ಕಾಣುವುದು ಹೆಚ್ಚು:

- ದವಡೆ, ಕುತ್ತಿಗೆ, ಭುಜ, ಬೆನ್ನಿನ ಮೇಲ್ಭಾಗದಲ್ಲಿ ನೋವು
- ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಕರಿಕೆ
- ಕೆಲಸವಿಲ್ಲದೆಯೂ ಏದುಸಿರು
- ತಣ್ಣನೆಯ ಬೆವರು, ತಲೆ ಸುತ್ತು
- ಕಾರಣವಿಲ್ಲದ ವಿಪರೀತ ಸುಸ್ತು

ಗರ್ಭಿಣಿ ಇದ್ದಾಗ ಬಿಪಿ ಅಥವಾ ಶುಗರ್ ಏರಿದ್ದವರು, ಬೇಗ ಮುಟ್ಟು ನಿಂತವರು, ಶುಗರ್ ಇರುವವರು, ಮಿಶ್ರಿ ತಿಕ್ಕುವವರು, ತಂಬಾಕು ಹಾಕುವವರು ಹೆಚ್ಚು ಜಾಗ್ರತೆ ಇರಬೇಕು. ಬಾಣಂತನ ಮುಗಿಯಿತು, ಬಿಪಿ ಹೋಯಿತು ಎಂದು ತಾಯಿ ಕಾರ್ಡು ಬಿಸಾಕಬೇಡಿ. ಇಪ್ಪತ್ತು ವರ್ಷದ ನಂತರವೂ ಅದು ವೈದ್ಯರಿಗೆ ಬೇಕಾಗುತ್ತದೆ.

ಲಕ್ವಾ ಗುರುತಿಸುವುದು ಸುಲಭ. ನಗಲು ಹೇಳಿದರೆ ಮುಖ ಒಂದು ಕಡೆ ವಾಲುವುದು, ಎರಡೂ ಕೈ ಎತ್ತಲು ಹೇಳಿದರೆ ಒಂದು ಕೈ ಕೆಳಗೆ ಬೀಳುವುದು, ಮಾತು ತೊದಲುವುದು. ಮೂರರಲ್ಲಿ ಒಂದು ಕಂಡರೂ ಸಾಕು, ಶುರುವಾದ ಸಮಯ ಬರೆದಿಟ್ಟು ಹೊರಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ತಾಸು ಮಾತ್ರ ಇರುತ್ತದೆ. ಪಾರಿವಾಳದ ರಕ್ತ ಹಚ್ಚಿಸಲು, ನಾಟಿ ಔಷಧಿಗೆ ಊರೂರು ತಿರುಗಲು ಹೋದರೆ ಆ ಸಮಯ ದಾರಿಯಲ್ಲೇ ಮುಗಿಯುತ್ತದೆ.

ಹೆಚ್ಚಾಗಿ ಆಗುವ ಮೂರು ತಪ್ಪು

*1. ‘ಬಿಪಿ ನಾರ್ಮಲ್ ಬಂತು, ಗುಳಿಗಿ ಬಿಟ್ಟೆ’.* ನಾರ್ಮಲ್ ಬಂದದ್ದೇ ಗುಳಿಗಿಯಿಂದ. ಬಿಟ್ಟರೆ ಮತ್ತೆ ಏರುತ್ತದೆ, ಅದೂ ಲಕ್ಷಣ ತೋರಿಸದೆ.

*2. ನೋವಿನ ಗುಳಿಗಿ.* ಸೊಂಟನೋವು, ಮೊಣಕಾಲು ನೋವಿಗೆ ಚೀಟಿ ಇಲ್ಲದೆ ಡೈಕ್ಲೋಫೆನಾಕ್‌ನಂಥ ಗುಳಿಗಿ ತಿಂಗಳುಗಟ್ಟಲೆ ನುಂಗುವ ಹೆಂಗಸರು ಬಹಳ. ಇವು ಬಿಪಿ ಏರಿಸುತ್ತವೆ, ಹೃದಯಕ್ಕೂ ಕಿಡ್ನಿಗೂ ಭಾರ. ಕಿರಾಣಿ ಅಂಗಡಿಯಲ್ಲಿ ಇಂಥವನ್ನು ಮಾರಲೇಬಾರದು.

*3. ಉಪ್ಪು.* ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚುಡಾ, ಫರಸಾಣದ ಉಪ್ಪೂ ಇದರಲ್ಲೇ ಸೇರಬೇಕು. ಎಲ್ಲರದೂ ಉಂಡಾದ ಮೇಲೆ ಉಳಿದ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಏಳುವವಳು ಮನೆಯಾಕಿ. ಅವಳ ತಾಟಿಗೂ ಪಲ್ಲೆ, ಕಾಳು, ಮೊಸರು ಉಳಿಯಬೇಕು.

ಎಲ್ಲಿ, ಏನು ಸಿಗುತ್ತದೆ?

*ಬಿಪಿ, ಶುಗರ್ ತಪಾಸಣೆ:* 30 ದಾಟಿದ ಪ್ರತಿಯೊಬ್ಬ ಹೆಂಗಸು ವರ್ಷಕ್ಕೆ ಒಮ್ಮೆಯಾದರೂ ಮಾಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಉಚಿತ. ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ತಪಾಸಣೆ ಮಾಡುತ್ತಾರೆ. ಆಶಾ ಕಾರ್ಯಕರ್ತೆ ಬಂದಾಗ ‘ಅತ್ತಿಗೆ ನೋಡ್ರಿ’ ಎಂದು ಕಳಿಸುವ ಸೊಸೆ ತಾನೂ ಕೈ ಚಾಚಬೇಕು. ಬಿಪಿ 140/90 ಅಥವಾ ಹೆಚ್ಚು ಪದೇ ಪದೇ ಬಂದರೆ ವೈದ್ಯರನ್ನು ಕಾಣಬೇಕು.

*ಎದೆನೋವು:* 108ಕ್ಕೆ ಕರೆ. ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ.

*ಮುಂದಿನ ಚಿಕಿತ್ಸೆ:* ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ, ನೋಂದಣಿಯ ಅವಧಿ ತಪ್ಪಿಸಬೇಡಿ.

*ಮನಸ್ಸಿನ ಭಾರ:* ಟೆಲಿ ಮನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲೂಕಿನ ಸರದಿ ಯಾವಾಗ ಎಂದು ವಿಚಾರಿಸಿ. ಮನೆಯಲ್ಲಿ ಹೊಡೆತ, ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112.

*ಮರೆವು:* ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್‌ನಲ್ಲಿ ಜಿಲ್ಲಾ ಮಟ್ಟದಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಶುರು ಮಾಡಲಾಗಿದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

*ಸಾಲದ ಕಿರುಕುಳ:* ರಿಸರ್ವ್ ಬ್ಯಾಂಕ್‌ನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ. ರಾಜ್ಯದಲ್ಲಿ 2025ರಲ್ಲಿ ಬಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ದೂರು ಕೊಟ್ಟರೆ ಪೊಲೀಸರು ತೆಗೆದುಕೊಳ್ಳಲೇಬೇಕು. ಸಾಲ ಮನ್ನಾ ಆಯಿತು ಎಂದು ಇದರ ಅರ್ಥವಲ್ಲ. ಮರ್ಯಾದೆಯಿಂದ ಕಟ್ಟುವ ಹಕ್ಕು ಇದೆ ಎಂದರ್ಥ.

ಮನೆಯವರು, ಅಂಗಡಿಯವರು ಏನು ಮಾಡಬಹುದು?

ಚೀನಾದ ಹಳ್ಳಿಗಳಿಂದ 2025ರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. 326 ಹಳ್ಳಿಗಳ ಸುಮಾರು 34 ಸಾವಿರ ಬಿಪಿ ರೋಗಿಗಳ ಮೇಲೆ ನಡೆದ ಪ್ರಯೋಗ ಅದು. ಅರ್ಧ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಬೆನ್ನು ಬಿಡದೆ ಬಿಪಿ ನೋಡಿ, ಗುಳಿಗಿ ಕೊಟ್ಟು, ಉಪ್ಪು ಕಡಿಮೆ ಮಾಡಿಸಿದರು. ನಾಲ್ಕು ವರ್ಷದಲ್ಲಿ ಅಂಥ ಹಳ್ಳಿಗಳಲ್ಲಿ ಮರೆವಿನ ಕಾಯಿಲೆ 15 ಶೇಕಡಾ ಕಡಿಮೆಯಾಯಿತು. ಬೇಕಾದದ್ದು ಬಿಪಿ ಮಷೀನು, ಗುಳಿಗಿ, ಮತ್ತು ಬಿಡದೆ ಕೇಳುವ ಒಬ್ಬರು. ಇವು ನಮ್ಮಲ್ಲೂ ಇವೆ.

- ಸ್ವಸಹಾಯ ಸಂಘದವರು ಒಂದು ಡಿಜಿಟಲ್ ಬಿಪಿ ಮಷೀನು ಕೊಂಡು ಸಭೆಯ ದಿನ ಎಲ್ಲರದೂ ನೋಡಿ ಚೀಟಿಯಲ್ಲಿ ಬರೆದಿಡಬಹುದು. ಐದು ನಿಮಿಷ ಸುಮ್ಮನೆ ಕುಂತು, ಚಹಾ ಕುಡಿದು ಅರ್ಧ ತಾಸಾದ ಮೇಲೆ, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ಎರಡು ಸಲ ನೋಡಬೇಕು.
- ಕಿರಾಣಿ ಅಂಗಡಿಯವರು ನೋವಿನ ಗುಳಿಗಿ, ಮಿಶ್ರಿ ಕೇಳಿ ಬರುವ ಗಿರಾಕಿಗೆ ‘ಒಮ್ಮೆ ಬಿಪಿ ತೋರಸ್ರಿ ಅಕ್ಕಾರ’ ಎಂದರೆ ಸಾಕು. ಅಂಗಡಿಯ ಮಾತು ಊರು ಕೇಳುತ್ತದೆ.
- ಔಷಧ ಅಂಗಡಿಯವರು ತಿಂಗಳ ಗುಳಿಗಿ ತಪ್ಪಿಸಿದವರಿಗೆ ನೆನಪು ಮಾಡಬಹುದು, ಜನೌಷಧಿ ಮಳಿಗೆಯಲ್ಲಿ ಕಡಿಮೆ ಬೆಲೆಗೆ ಸಿಗುವುದನ್ನೂ ಹೇಳಬಹುದು.
- ಮಗ್ಗದ ಮನೆಯವರು ಕಿವಿಗೆ ಇಯರ್ ಪ್ಲಗ್ ಬಳಸಬೇಕು. ಟಿವಿ ಸದ್ದು ಹೆಚ್ಚಿಸುವ ಅವ್ವನನ್ನು ಬೈಯುವ ಮೊದಲು ಕಿವಿ ತೋರಿಸಿ. ಕಣ್ಣಿನ ಪೊರೆಯ ಆಪರೇಶನ್‌ ಅನ್ನೂ ಮುಂದೂಡಬೇಡಿ.
- ಹೊಳಿ ದಂಡೆಯವರು ಮಳೆಗಾಲಕ್ಕೆ ಮುಂಚೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹದಿನೈದು ದಿನದ ಗುಳಿಗಿ, ಆಸ್ಪತ್ರೆ ಚೀಟಿ, ಆಯುಷ್ಮಾನ್ ಕಾರ್ಡು ಒಟ್ಟಿಗೆ ಇಡಿ.
- ಸಾಲ ಎಷ್ಟಿದೆ ಎಂದು ಗಂಡ, ಹೆಂಡತಿ, ದೊಡ್ಡ ಮಕ್ಕಳು ಕುಂತು ಒಂದೇ ಹಾಳೆಯಲ್ಲಿ ಬರೆಯಿರಿ. ಮುಚ್ಚಿಟ್ಟ ಸಾಲಕ್ಕೆ ಬಡ್ಡಿಯ ಜೊತೆ ಬಿಪಿಯೂ ಬೆಳೆಯುತ್ತದೆ.

ಹೆಂಗಸರು ತಮ್ಮ ಸಲುವಾಗಿ ಆಸ್ಪತ್ರೆಗೆ ಹೋಗಲು ಕೇಳುವುದು ಕಡಿಮೆ. ‘ಶಕ್ತಿ’ ಯೋಜನೆಯಲ್ಲಿ ಬಸ್ ಪುಕ್ಕಟೆ ಇದೆ, ತಪಾಸಣೆಯೂ ಪುಕ್ಕಟೆ ಇದೆ. ಸಿಗದಿರುವುದು ಅರ್ಧ ದಿನದ ಬಿಡುವು. ಒಂದು ಹೊತ್ತಿನ ರೊಟ್ಟಿ ಬೇರೆಯವರು ಬಡಿದರೆ, ಅಂಗಡಿಯ ಗಲ್ಲಾದ ಮೇಲೆ ಮಗ ಕುಂತರೆ ಆ ಬಿಡುವು ಸಿಗುತ್ತದೆ. ಮುಂದಿನ ಸಂತೆಗೆ ಪ್ಯಾಟಿಗೆ ಹೋದಾಗ ಚೀಲದ ಜೊತೆ ಮನೆಯಾಕಿಯನ್ನೂ ಕರೆದುಕೊಂಡು ಹೋಗಿ ಬಿಪಿ ತೋರಿಸಿ ಬನ್ನಿ.